ನಗುವವರ ಮುಖ

ಆ ಶಾಟ್ ಇಪ್ಪತ್ತೆರಡು ಸೆಕೆಂಡಿನದು. ಕ್ಯಾಮೆರಾ ಹಿಡಿದಿದ್ದವಳು ನಾನು. ಆಮೇಲೆ ವಿಡಿಯೊ ಎಡಿಟ್ ಮಾಡುವ ಮಿಕ್ಸಿಂಗ್ ಅಂಗಡಿಯಲ್ಲಿ ಅದನ್ನು ಹಿಂದೆ ಮುಂದೆ ಓಡಿಸಿ ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಯಾವ ಸೆಕೆಂಡಿಗೆ ಏನಾಗುತ್ತದೆ ಎಂದು ಈಗಲೂ ಹೇಳಬಲ್ಲೆ. ಮೊದಲ ಎಂಟು ಸೆಕೆಂಡು ನನ್ನ ಗೆಳತಿ ಪಾರ್ಕಿನ ಕಲ್ಲುಬೆಂಚಿನ ಮೇಲೆ, ನಾವು ಹೇಳಿಕೊಟ್ಟ ಹಾಗೆ, ತಲೆ ತಗ್ಗಿಸಿ ಕೂತಿದ್ದಾಳೆ. ಅವಳು ನಟಿಸುತ್ತಿದ್ದಾಳೆ, ತುಟಿಯ ಕೊನೆಯಲ್ಲಿ ಸಣ್ಣ ನಗು ಅಡಗಿದೆ. ಒಂಬತ್ತನೆಯ ಸೆಕೆಂಡಿಗೆ ಚೌಕಟ್ಟಿನ ಹೊರಗಿನಿಂದ ಒಂದು ಗಂಡುದನಿ ಒಂದು ಹೆಸರು ಕೂಗುತ್ತದೆ. ನಾಲ್ಕೈದು ಜನರ ನಗು ಏಳುತ್ತದೆ. ಹನ್ನೆರಡನೆಯ ಸೆಕೆಂಡಿಗೆ ಅವಳು ತಲೆ ಎತ್ತುತ್ತಾಳೆ. ಅಲ್ಲಿಂದ ಮುಂದೆ ಅವಳು ನಟಿಸುತ್ತಿಲ್ಲ. ಅದು ಗೊತ್ತಾದ ಮೇಲೂ ನಾನು ಕ್ಯಾಮೆರಾ ನಿಲ್ಲಿಸಲಿಲ್ಲ. ಉಳಿದ ಹತ್ತು ಸೆಕೆಂಡು ಟೇಪಿಗೆ ಬಂದದ್ದೇ ಅದಕ್ಕೆ.

ನಾನು ಹೇಳಹೊರಟಿರುವುದು ಹೆಮ್ಮೆಯ ಸಂಗತಿ. ನನ್ನ ಕಾಲೇಜು ದಿನಗಳಲ್ಲಿ ನಾವು ಆರು ಜನ ಸೇರಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು. ಆದರೆ ಆ ಹತ್ತು ಸೆಕೆಂಡನ್ನು ಬಿಟ್ಟು ಹೇಳಿದರೆ ಸುಳ್ಳಾಗುತ್ತದೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಕಾರ್ಡ್ ರಸ್ತೆಯಲ್ಲಿ ಮೆಟ್ರೊ ಕಂಬಗಳು ಇನ್ನೂ ಎದ್ದಿರಲಿಲ್ಲ. ನಾನು ಕೆಂಗೇರಿ ಉಪನಗರದಿಂದ ದಿನವೂ ಬಸ್ಸಿನಲ್ಲಿ ವಿಜಯನಗರಕ್ಕೆ ಬಂದು ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದೆ. ನಮ್ಮದು ಆರು ಜನರ ಗುಂಪು. ಅದಕ್ಕೆ ಯಜಮಾನನಿದ್ದರೆ ಅದು ಮಲ್ಲತ್ತಹಳ್ಳಿಯ ಹುಡುಗ. ಕೆರೆಯ ಪಕ್ಕದ ಹಳೆಯ ಒಕ್ಕಲು ಮನೆತನ ಅವರದು. ಅವನ ತಾತ ರಾಗಿ ಬೆಳೆದ ಜಾಗದಲ್ಲಿ ಈಗ ಬಡಾವಣೆಯ ಮನೆಗಳಿದ್ದವು. ಗುಂಪಿನಲ್ಲಿ ಮೊದಲ ಬೈಕು ಅವನದು, ಕ್ಯಾಮೆರಾ ಇರುವ ಮೊದಲ ಮೊಬೈಲು ಅವನದು. ಕೆಟ್ಟವನಲ್ಲ. ಕೊಟ್ಟದ್ದನ್ನು ನೆನಪಿಟ್ಟುಕೊಳ್ಳದ ಹುಡುಗ. ಅಂದದ್ದನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಶುಕ್ರವಾರ ಗುಂಪಿನವರೆಲ್ಲ ಒಂದೇ ಬಣ್ಣ ಹಾಕಬೇಕು ಎಂಬುದು ನಮ್ಮ ಕಾಲೇಜಿನ ಎಲ್ಲ ಗುಂಪುಗಳಲ್ಲೂ ಇದ್ದ ಪದ್ಧತಿ. ಯಾವ ಬಣ್ಣ ಎಂದು ಗುರುವಾರ ಸಂಜೆ ಮೊಬೈಲಿಗೆ ಮೆಸೇಜು ಬರುತ್ತಿತ್ತು. ಶುಕ್ರವಾರ ಬೆಳಿಗ್ಗೆ ಕ್ಯಾಂಟೀನಿನ ಮೆಟ್ಟಿಲ ಮೇಲೆ ಒಂದು ಸಾಲು ಕೆಂಪು, ಒಂದು ಸಾಲು ಬಿಳಿ, ಒಂದು ಸಾಲು ಕಪ್ಪು ಕೂತಿರುತ್ತಿತ್ತು. ಬಣ್ಣ ತಪ್ಪಿದವರನ್ನು ಯಾರೂ ಬೈಯುತ್ತಿರಲಿಲ್ಲ. ಫೋಟೊ ತೆಗೆಯುವಾಗ ಮಾತ್ರ, "ನೀನೇ ತೆಗಿಯೇ, ನಿನ್ ಕೈ ಚೆನ್ನಾಗಿದೆ," ಎಂದು ಮೊಬೈಲನ್ನು ಅವರ ಕೈಗೆ ಕೊಡುತ್ತಿದ್ದರು.

ನಮ್ಮ ಗುಂಪಿನಲ್ಲಿ ಫೋಟೊ ತೆಗೆಯುತ್ತಿದ್ದವಳು ನನ್ನ ಗೆಳತಿ. ಅವಳ ಮನೆಯವರು ಬಾಗಲಕೋಟೆ ಕಡೆಯಿಂದ ಬಂದು ಗೋವಿಂದರಾಜನಗರದಲ್ಲಿ ಬಾಡಿಗೆಗಿದ್ದರು. ತಂದೆ ಮಾಗಡಿ ರಸ್ತೆಯ ವರ್ಕ್‌ಶಾಪೊಂದರಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ತಾಯಿ ಜೋಳದ ರೊಟ್ಟಿ ಬಡಿದು ಸುತ್ತಲಿನ ಖಾನಾವಳಿಗಳಿಗೆ ಕೊಡುತ್ತಿದ್ದರು. ಅವಳಿಗೆ ಮೊಬೈಲು ಇರಲಿಲ್ಲ, ಆದ್ದರಿಂದ ಬಣ್ಣದ ಸುದ್ದಿ ಅವಳಿಗೆ ತಲುಪುತ್ತಿರಲಿಲ್ಲ. ತಲುಪಿದ್ದರೂ ಏನೂ ಆಗುತ್ತಿರಲಿಲ್ಲ. ಅವಳಿಗಿದ್ದದ್ದು ಮೂರು ಚೂಡಿದಾರ. ಸೋಮವಾರ ಮತ್ತು ಗುರುವಾರ ಹಳದಿ, ಮಂಗಳವಾರ ಮತ್ತು ಶುಕ್ರವಾರ ಹಸಿರು, ಬುಧವಾರ ಮತ್ತು ಶನಿವಾರ ನೀಲಿ. ಒಗೆದು ಒಣಗಿಸಿ ಇಸ್ತ್ರಿ ಮಾಡುವ ಸರದಿ ಅದು, ತಪ್ಪುತ್ತಿರಲಿಲ್ಲ. ಬಟ್ಟೆ ಯಾವಾಗಲೂ ಗರಿಗರಿ.

ಈ ಸರದಿಯನ್ನು ಮೊದಲು ಗಮನಿಸಿದವಳು ನಾನು. ಬೇರೆ ಯಾರೂ ಗಮನಿಸುವುದು ಸಾಧ್ಯವಿರಲಿಲ್ಲ, ಏಕೆಂದರೆ ಅವರ್ಯಾರೂ ಬಟ್ಟೆ ಎಣಿಸುತ್ತಿರಲಿಲ್ಲ. ನಾನು ಎಣಿಸುತ್ತಿದ್ದೆ. ನನಗಿದ್ದದ್ದು ನಾಲ್ಕು ಜೊತೆ. ದುಪಟ್ಟಾ ಅದಲು ಬದಲು ಮಾಡಿ, ಅಕ್ಕನ ಸ್ವೆಟರ್ ಮೇಲೆ ಹಾಕಿ, ಅದನ್ನು ಒಂಬತ್ತರ ಹಾಗೆ ಕಾಣಿಸುವುದು ನನ್ನ ಪ್ರತಿ ಭಾನುವಾರದ ಗುಟ್ಟಿನ ಕೆಲಸವಾಗಿತ್ತು. ಹಾಗೆ ಮಾಡುವವರ ಕಣ್ಣಿಗೆ ಹಾಗೆ ಮಾಡದವರು ಬೇಗ ಕಾಣುತ್ತಾರೆ.

ಒಂದು ಮಂಗಳವಾರ ಕ್ಯಾಂಟೀನಿನಲ್ಲಿ ಯಾರೋ ಯಾವುದೋ ಅರ್ಜಿ ತುಂಬುತ್ತಾ ಇವತ್ತು ಯಾವ ವಾರ ಎಂದು ಕೇಳಿದರು. ಅಷ್ಟರಲ್ಲಿ ಅವಳು ಗೇಟಿನಿಂದ ಹಸಿರು ಚೂಡಿದಾರದಲ್ಲಿ ಒಳಗೆ ಬರುತ್ತಿದ್ದಳು. "ಮಂಗಳವಾರ ಕಣೇ. ಕ್ಯಾಲೆಂಡರ್ ಬರ್ತಾ ಇದೆ ನೋಡು," ಎಂದೆ. ಎಲ್ಲರೂ ನಕ್ಕರು. ಮಲ್ಲತ್ತಹಳ್ಳಿಯ ಹುಡುಗ ಮೇಜು ಬಡಿದು ನಕ್ಕ. ನನ್ನ ಮಾತಿಗೆ ಅವನು ಹಾಗೆ ನಕ್ಕದ್ದು ಅದೇ ಮೊದಲು, ಮತ್ತು ಆ ಇಡೀ ದಿನ ನಾನು ಸಂತೋಷವಾಗಿದ್ದೆ. ಅಂದಿನಿಂದ ಅವಳ ಬೆನ್ನ ಹಿಂದೆ ಅವಳಿಗೆ ಅದೇ ಹೆಸರು. ಎದುರಿಗೆ ಯಾರೂ ಅನ್ನಲಿಲ್ಲ. ಅವಳಿಗೆ ಗೊತ್ತೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ನಾವು ಮಲ್ಲತ್ತಹಳ್ಳಿಯ ಮನೆಯಲ್ಲಿ ದೊಡ್ಡ ಟಿ.ವಿ.ಯ ಮುಂದೆ ಸೇರುತ್ತಿದ್ದೆವು. ಹಾಡಿನ ಚಾನೆಲ್ಲುಗಳು ಹುಚ್ಚು ಹಿಡಿಸಿದ್ದ ಕಾಲ ಅದು. ನಮಗೆ ಹಾಡಿಗಿಂತ ಹಾಡಿನಲ್ಲಿರುವವರ ಶೂ, ಕನ್ನಡಕ, ಕೂದಲು ಮುಖ್ಯ. ಹುಡುಗನ ಅಜ್ಜಿ ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೂತು, ಟಿ.ವಿ.ಯಲ್ಲಿ ಕುಣಿಯುವವರನ್ನು ನೋಡಿ, ಪಾಪ ಈ ಹುಡುಗೀರ್ಗೆ ಬಟ್ಟೆ ಹೊಲಿಸೋರು ಯಾರೂ ಇಲ್ವೇನೋ ಎಂದು ಮರುಗುತ್ತಿದ್ದರು. ಒಂದು ಶನಿವಾರ ಯಾವುದೋ ವಿದೇಶದ ಹಾಡು ಬಂತು. ಒಂದು ದೊಡ್ಡ ಅಂಗಡಿ. ಅದರ ಕಪಾಟುಗಳಲ್ಲಿ ಸಾಮಾನಿನ ಬದಲು ನಮ್ಮ ವಯಸ್ಸಿನವರೇ ನಿಂತಿದ್ದಾರೆ, ಎಲ್ಲರ ಕೊರಳಲ್ಲೂ ಬೆಲೆಯ ಚೀಟಿ. ಕಡಿಮೆ ಬೆಲೆಯವರನ್ನು ಉಳಿದವರೇ ತಳ್ಳಿ ತಳ್ಳಿ ಹಿಂದಿನ ಸಾಲಿಗೆ ಸೇರಿಸುತ್ತಾರೆ. ಕೊನೆಗೆ ಮುಂದಿನ ಸಾಲಿನಲ್ಲಿ ಒಬ್ಬನೇ ಉಳಿಯುತ್ತಾನೆ, ಅಂಗಡಿಯ ದೀಪ ಆರುತ್ತದೆ.

ಹಾಡು ನಮ್ಮನ್ನು ಕುಣಿಸದೆ ಬೈಯಬಲ್ಲದು ಎಂದು ನನಗೆ ಗೊತ್ತಾದದ್ದು ಆಗಲೇ. "ಮಗಾ, ಇಂಥದ್ದು ನಾವ್ ಮಾಡ್ಬೇಕು ಗುರು," ಎಂದ ಹುಡುಗ. ಆ ವರ್ಷ ಕಾಲೇಜಿನ ಹಬ್ಬದಲ್ಲಿ ಸ್ವಂತ ಹಾಡಿನ ವಿಡಿಯೊ ಎಂಬ ಹೊಸ ಸ್ಪರ್ಧೆ ಸೇರಿಸಿದ್ದರು. ಬ್ರ್ಯಾಂಡಿನ ಹುಚ್ಚನ್ನೂ ಗುಂಪಿನ ಒತ್ತಾಯವನ್ನೂ ತರಾಟೆಗೆ ತೆಗೆದುಕೊಳ್ಳುವ ಹಾಡು ಮಾಡೋಣ ಎಂದು ಅಲ್ಲೇ ತೀರ್ಮಾನವಾಯಿತು.

ಕತೆ ಹತ್ತು ನಿಮಿಷದಲ್ಲಿ ಸಿದ್ಧವಾಯಿತು. ಶೋಕಿಯ ಗುಂಪೊಂದು ಬಡ ಹುಡುಗಿಯನ್ನು ಗೇಲಿ ಮಾಡುತ್ತದೆ, ಅವಳು ಹಾಡುತ್ತಾಳೆ, ಗುಂಪಿಗೆ ಬುದ್ಧಿ ಬರುತ್ತದೆ. ಗೆಳತಿಗೆ ಕಂಠವಿತ್ತು, ಆದ್ದರಿಂದ ನಾಯಕಿ ಅವಳೇ. "ನಿನ್ ಡ್ರೆಸ್ಸಲ್ಲೇ ಬಂದ್ಬಿಡೇ, ಅದೇ ಸರಿಯಾಗಿದೆ," ಎಂದಳು ಒಬ್ಬಳು. ಗೆಳತಿ ನಕ್ಕು ಆಯ್ತೆಂದಳು. ಶೋಕಿಯ ಗುಂಪಾಗಬೇಕಿದ್ದ ನಾವು ಉಳಿದವರು ಮಾಲ್‌ಗೆ ಹೋಗಿ ಒಂದೇ ಥರದ ಕಪ್ಪು ಟಿ-ಶರ್ಟ್ ಕೊಂಡೆವು. ಹೊಸ ಬಟ್ಟೆಯ ಹುಚ್ಚನ್ನು ಬೈಯುವ ಹಾಡಿಗೆ ಹೊಸ ಬಟ್ಟೆ ಬೇಕೇ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೆ ಕ್ಯಾಮೆರಾ ಕೆಲಸ. ನಾನು ಚೌಕಟ್ಟಿನಲ್ಲೇ ಬರುವವಳಲ್ಲ. ಆದರೂ ಅಪ್ಪನನ್ನು ಎರಡು ದಿನ ಕಾಡಿ ನಾನೂ ಒಂದು ಕೊಂಡೆ.

ಹಾಡು ಬರೆದವಳು ಅವಳು. ನಮ್ಮ ಗುಂಪು ಬರೆದ ಸಾಲುಗಳೆಲ್ಲ ಭಾಷಣದ ಹಾಗಿದ್ದವು. ಅವಳು ವಾರದ ನಂತರ ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಎಂಟು ಸಾಲು ತಂದು, ಕಾಲೇಜಿನ ಹಿಂದಿನ ಪಾರ್ಕಿನಲ್ಲಿ ಕೂತು ಹಾಡಿದಳು. ಮೊದಲ ನಾಲ್ಕು ಹೀಗಿವೆ:

ಹೊಸಾದು ಬಂತಂತ ಹಳೇದ ಬಿಟ್ಟಿ,
ಹಳೇದ ಬಿಟ್ಟಂಗ ನನ್ನೂ ಬಿಟ್ಟಿ.
ಕಾಲಾಗಿನ ಬೂಟ ಕಂಡಿತ ನಿನಗ,
ಕಾಲು ನಡದ ಹಾದಿ ಕಾಣಲಿಲ್ಲ.

ತಾಳ ಎಲ್ಲೋ ಕೇಳಿದ ಹಾಗಿದೆ ಎಂದೆ. ನಮ್ಮವ್ವ ರೊಟ್ಟಿ ಬಡಿಯೋ ತಾಳ ಅದು ಎಂದಳು. ಮೊದಲು ನಿಧಾನ, ರೊಟ್ಟಿ ಅಗಲವಾದ ಹಾಗೆ ಚುರುಕು, ತಿರುಗಿಸುವಾಗ ಒಂದು ಚಪ್ಪಾಳೆಯಷ್ಟು ಬಿಡುವು. ಅದನ್ನೇ ಟೇಪಿನಲ್ಲಿ ಹಿಡಿದು ಹಾಡಿನ ಕೆಳಗೆ ಹಾಕೋಣ ಎಂದು ಅವಳೇ ಹೇಳಿದಳು. ಮಲ್ಲತ್ತಹಳ್ಳಿಯ ಹುಡುಗ, "ಇದು ಗೆಲ್ಲುತ್ತೆ ಮಚ್ಚಾ," ಎಂದ.

ಕ್ಯಾಮೆರಾ ಕೊಟ್ಟವನು ವಿಜಯನಗರದ ಮಿಕ್ಸಿಂಗ್ ಅಣ್ಣ. ನನ್ನ ಅಕ್ಕನ ಮದುವೆಯ ವಿಡಿಯೊ ತೆಗೆದವನು ಅವನೇ. ಮಾರ್ಕೆಟ್ಟಿನ ಹತ್ತಿರ ಮೊದಲ ಮಹಡಿಯಲ್ಲಿ ಅವನ ಸಣ್ಣ ಕೋಣೆ. ಅಲ್ಲಿ ಎರಡು ಕಂಪ್ಯೂಟರು, ಗೋಡೆಯ ತುಂಬ ಮದುವೆಯ ಟೇಪುಗಳು. ವಧುವರರ ಮುಖಗಳನ್ನು ಹೃದಯದ ಆಕಾರದೊಳಗೆ ಕೂರಿಸಿ ಸುತ್ತ ಗುಲಾಬಿ ಹಾರಿಸುವುದು ಅವನ ದಿನದ ಕೆಲಸ. ಮುಹೂರ್ತವಿಲ್ಲದ ಭಾನುವಾರ ಕ್ಯಾಮೆರಾ ಒಯ್ಯಿರಿ, ಬೀಳಿಸಬೇಡಿ, ನನ್ನ ಹತ್ತಿರವೇ ಎಡಿಟ್ ಮಾಡಿಸಿ ಎಂದ. ನನ್ನ ಕೈ ನಡುಗುವುದಿಲ್ಲ ಎಂದು ಕ್ಯಾಮೆರಾ ನನ್ನ ಕೈಗೆ ಬಂತು.

ಆ ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಗೇಲಿಯ ದೃಶ್ಯ. ಗೇಲಿಗೆ ನಾವು ಮಾತು ಬರೆದಿರಲಿಲ್ಲ. ಏನಾದರೂ ಅನ್ನಿ, ಬೆಂಚಿನ ಮೇಲಿರುವವಳ ಮುಖ ಮಾತ್ರ ಬೇಕು ಎಂದವಳು ನಾನೇ. ಗುಂಪು ನನ್ನ ಬಲಗಡೆ, ಚೌಕಟ್ಟಿನ ಹೊರಗೆ, ಕಪ್ಪು ಟಿ-ಶರ್ಟುಗಳಲ್ಲಿ ನಿಂತಿತ್ತು. ಭಾನುವಾರ ಅವಳ ಸರದಿಯಲ್ಲಿ ಇಲ್ಲದ ದಿನ. ಅವಳು ಸೋಮವಾರದ ಹಳದಿ ಹಾಕಿಕೊಂಡು ಬಂದಿದ್ದಳು. ಅದಕ್ಕೇ ಇರಬೇಕು, ಹುಡುಗನ ಬಾಯಿಗೆ ಆ ಮಾತು ಬಂದದ್ದು.

"ಏ ಕ್ಯಾಲೆಂಡರ್, ಇವತ್ತು ಭಾನುವಾರ ಕಣೇ. ಸೋಮವಾರದ್ದು ಹಾಕ್ಕೊಂಡು ಬಂದಿದೀಯಲ್ಲ."

ಎಲ್ಲರೂ ನಕ್ಕರು. ಅದು ನಟನೆಯ ನಗುವಲ್ಲ, ಗುಟ್ಟೊಂದು ಎಲ್ಲರಿಗೂ ಗೊತ್ತಿರುವಾಗ ಹೊರಬೀಳುವ ನಗು. ಅದನ್ನು ಕೇಳಿದ ಯಾರಿಗೂ ಈ ಹೆಸರು ಇವತ್ತು ಹುಟ್ಟಿದ್ದಲ್ಲ ಎಂದು ತಿಳಿಯುತ್ತಿತ್ತು. ಅವಳಿಗೂ ತಿಳಿಯಿತು. ತಲೆ ಎತ್ತಿ ಒಬ್ಬೊಬ್ಬರನ್ನೇ ನೋಡಿದಳು. ಕೊನೆಗೆ ಕ್ಯಾಮೆರಾವನ್ನು, ಅಂದರೆ ನನ್ನನ್ನು. ಆಮೇಲೆ ತನ್ನ ಮಡಿಲನ್ನು ನೋಡಿಕೊಂಡು ಚೂಡಿದಾರದ ಒಂದು ನೆರಿಗೆಯನ್ನು ಸರಿಮಾಡಿದಳು. ನಾನು ಗುಂಡಿ ಒತ್ತಿ ನಿಲ್ಲಿಸಿದ್ದು ಅದಾದ ಮೇಲೆ.

ಅವಳು ಎದ್ದು, ಮನೆಯಲ್ಲಿ ಕೆಲಸವಿದೆ, ಬರ್ತೀನಿ ಎಂದು ಹೇಳಿ ಹೋದಳು. ಓಡಲಿಲ್ಲ. ಗೇಟಿನ ಹತ್ತಿರ ಎದುರು ಬಂದ ಅಜ್ಜಿಯೊಬ್ಬರಿಗೆ ದಾರಿ ಬಿಟ್ಟು ನಿಂತು, ಆಮೇಲೆ ಹೋದಳು.

ಹುಡುಗ, ಬಾಯಿ ತಪ್ಪಿ ಬಂತು ಎಂದು ಎರಡು ಸಲ ಹೇಳಿದ. ಆದರೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಆ ಶಾಟನ್ನು ಹಿಂದಕ್ಕೆ ಓಡಿಸಿ ನೋಡಿದಾಗ ಗುಂಪಿನಲ್ಲೊಬ್ಬ, ಇಂಥ ಎಕ್ಸ್‌ಪ್ರೆಶನ್ ಕೇಳಿದ್ರೂ ಸಿಗಲ್ಲ ಎಂದ. ಅದು ನಿಜವಾಗಿತ್ತು. ಉಳಿದ ಶಾಟುಗಳೆಲ್ಲ ನಾಟಕದ ಹಾಗಿದ್ದವು, ಇದೊಂದೇ ಜೀವಂತವಾಗಿತ್ತು. ಇದನ್ನೇ ಹಾಕೋಣ, ಅವಳಿಗೆ ಆಮೇಲೆ ಹೇಳೋಣ ಎಂಬಲ್ಲಿಗೆ ಮಾತು ಬಂತು. ಟೇಪು ನನ್ನ ಕೈಯಲ್ಲಿತ್ತು. ಮಿಕ್ಸಿಂಗ್ ಅಂಗಡಿಗೆ ಅದನ್ನು ಕೊಟ್ಟರೆ ಅವಳ ಆ ಮುಖವನ್ನು ಇಡೀ ಕಾಲೇಜು ಸಭಾಂಗಣದಲ್ಲಿ ದೊಡ್ಡ ಪರದೆಯ ಮೇಲೆ ನೋಡುತ್ತದೆ. ಕೊಡದಿದ್ದರೆ ವಿಡಿಯೊ ಇಲ್ಲ. ಸ್ಪರ್ಧೆಗೆ ಎರಡು ವಾರ ಇತ್ತು.

ಸೋಮವಾರ ಅವಳು ಬರಲಿಲ್ಲ. ಮಂಗಳವಾರ ಬರಲಿಲ್ಲ. ಬುಧವಾರ ನಾನು ಟೇಪನ್ನು ಚೀಲದಲ್ಲಿಟ್ಟುಕೊಂಡು ಗೋವಿಂದರಾಜನಗರಕ್ಕೆ ಹೋದೆ.

ಅವಳ ತಾಯಿ ಬಾಗಿಲ ಪಕ್ಕದಲ್ಲೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸದೆ, "ಬಾರವ್ವಾ. ಕಾಲೇಜಿಗೆ ಯಾಕ ಇಷ್ಟ ದಿನಾ ಸೂಟಿ ಕೊಟ್ಟಾರ?" ಎಂದು ಕೇಳಿದರು. ಕಾಲೇಜಿಗೆ ರಜೆ ಎಂದು ಮನೆಯಲ್ಲಿ ಹೇಳಿದ್ದಾಳೆಂದು ಗೊತ್ತಾಯಿತು. ಹಬ್ಬದ ತಯಾರಿ ಎಂದೇನೋ ಸುಳ್ಳು ಹೇಳಿ ತಾರಸಿಗೆ ಹತ್ತಿದೆ. ಅವಳು ಬಟ್ಟೆ ಒಣಗಿಸುತ್ತಿದ್ದಳು. ಹಗ್ಗದ ಮೇಲೆ ಹಳದಿ ಮತ್ತು ಹಸಿರು ಇದ್ದವು.

ನಾನು ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತು ಆಡುವ ಮೊದಲು ಅವಳೇ ಕೇಳಿದಳು.

"ಆ ಹೆಸರ ಇಟ್ಟವರ ಯಾರು?"

ಹುಡುಗನ ಹೆಸರು ಹೇಳಬಹುದಿತ್ತು. ಅವಳು ನಂಬುತ್ತಿದ್ದಳು. ಕೂಗಿದ್ದು ಅವನೇ ತಾನೇ. ಒಂದು ಕ್ಷಣ ಹಾಗೆ ಯೋಚಿಸಿದೆ ಎಂಬುದನ್ನೂ ಬರೆದಿಡಬೇಕು.

"ನಾನು," ಎಂದೆ.

ಅವಳು ಕ್ಲಿಪ್ಪುಗಳನ್ನು ಒಂದೊಂದಾಗಿ ಹಾಕಿ ಮುಗಿಸಿದಳು. ನನ್ನ ಹತ್ತಿರ ನಾಲ್ಕೇ ಜೊತೆ ಬಟ್ಟೆ ಇರುವುದು, ದುಪಟ್ಟಾಗಳನ್ನು ಬದಲಾಯಿಸುವುದು, ಯಾರಾದರೂ ನನ್ನನ್ನು ಎಣಿಸುವ ಮೊದಲು ನಾನು ಅವಳನ್ನು ಎಣಿಸಿದ್ದು, ಎಲ್ಲವನ್ನೂ ಹೇಳಿದೆ. ಅವಳು ಅದಕ್ಕೆ ಮರುಕ ತೋರಿಸಲಿಲ್ಲ, ಸಿಟ್ಟೂ ತೋರಿಸಲಿಲ್ಲ. "ನಾಕ ಅದಾವು ಅಂತ ನಂಗ ಗೊತ್ತಿತ್ತು," ಎಂದಳು. "ನಾ ಯಾರಿಗೂ ಹೇಳಿರ್ಲಿಲ್ಲ."

ಆಮೇಲೆ, ಶಾಟ್ ಎಲ್ಲಿದೆ ಎಂದು ಕೇಳಿದಳು. ಚೀಲದಿಂದ ಟೇಪು ತೆಗೆದು ಕೊಟ್ಟೆ. ಅದನ್ನು ಮುರಿಯುತ್ತಾಳೆ ಎಂದುಕೊಂಡೆ. ಅವಳು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ನೋಡೋಣ ನಡಿ ಎಂದಳು.

ಮಿಕ್ಸಿಂಗ್ ಅಣ್ಣನ ಕೋಣೆಗೆ ಇಬ್ಬರೂ ನಡೆದೇ ಹೋದೆವು. ಅವನಿಗೆ ನಾನು ಏನನ್ನೂ ಹೇಳಲಿಲ್ಲ. ಅವನು ಶಾಟ್ ಹಾಕಿದ. ಅವಳು ಸ್ಟೂಲಿನ ಮೇಲೆ ಕೂತು ಮೂರು ಸಲ ನೋಡಿದಳು.

"ಇದರಾಗ ನಾ ಒಬ್ಬಾಕೀನ ಅದೀನಿ," ಎಂದಳು ಅವಳು. "ನಕ್ಕವರು ಎಲ್ಲಿ ಅದಾರ?"

ಅಣ್ಣ ಕುರ್ಚಿ ತಿರುಗಿಸಿ ಅವಳನ್ನು ಸರಿಯಾಗಿ ನೋಡಿದ್ದು ಆಗ. ತನ್ನ ಕೆಲಸದ ಮಾತನ್ನೇ ಹೇಳಿದ: ಮದುವೆ ಮನೆಯಲ್ಲಿ ಹೆಣ್ಣು ಒಪ್ಪಿಸುವಾಗ ಹೊಸ ಹುಡುಗರೆಲ್ಲ ಅಳುವ ಮದುಮಗಳ ಮೇಲೇ ಕ್ಯಾಮೆರಾ ಹಿಡಿಯುತ್ತಾರೆ. ವಿಡಿಯೊ ಕೊಟ್ಟ ಮೇಲೆ ಮನೆಯವರು ಬಂದು, ಆಗ ಅವರಪ್ಪ ಎಲ್ಲಿದ್ರು, ತಮ್ಮ ಎಲ್ಲಿದ್ದ ಎಂದು ಕೇಳುತ್ತಾರೆ. ಅದಕ್ಕೇ ನಾನು ಮೊದಲು ಸುತ್ತ ನಿಂತವರ ಮುಖಗಳನ್ನು ತೆಗೆದಿಟ್ಟುಕೊಳ್ಳುತ್ತೇನೆ. ಅಳುವವರ ಮುಖ ಹೇಗಿದ್ದರೂ ಸಿಗುತ್ತದೆ, ನೋಡುವವರ ಮುಖ ಆಮೇಲೆ ಸಿಗುವುದಿಲ್ಲ.

ಅವಳು ತೀರ್ಮಾನ ಹೇಳಿದಳು. ತನ್ನ ಮುಖದ ಮೊದಲ ಹನ್ನೆರಡು ಸೆಕೆಂಡು ಇರಲಿ. ತಲೆ ಎತ್ತಿದ ಕೂಡಲೇ ಕತ್ತರಿಸಬೇಕು. ಆಮೇಲಿನದು ತನ್ನದು, ಅದನ್ನು ಯಾರಿಗೂ ತೋರಿಸುವುದಿಲ್ಲ. ಆ ಜಾಗದಲ್ಲಿ ನಕ್ಕವರ ಮುಖ ಬರಬೇಕು. ಅವರು ಅದೇ ಬೆಂಚಿನ ಮುಂದೆ ಅದೇ ಟಿ-ಶರ್ಟಿನಲ್ಲಿ ನಿಂತು, ಅದೇ ಹೆಸರು ಹೇಳಿ, ಅದೇ ನಗು ನಗಬೇಕು.

ಗುಂಪು ಒಪ್ಪುತ್ತದೆಂದು ನನಗೆ ನಂಬಿಕೆಯಿರಲಿಲ್ಲ. ಒಬ್ಬಳಂತೂ, ಪನಿಶ್ಮೆಂಟಾ ಇದು ಎಂದು ಕೇಳಿದಳು. ಉತ್ತರ ಕೊಟ್ಟವನು ಮಲ್ಲತ್ತಹಳ್ಳಿಯ ಹುಡುಗ. ಅಂದದ್ದು ನಾನು, ನಿಲ್ಲೋದೂ ನಾನೇ, ಬರೋರು ಬನ್ನಿ ಎಂದ. ಎಲ್ಲರೂ ಬಂದರು.

ಮುಂದಿನ ಭಾನುವಾರ ಅದೇ ಪಾರ್ಕು, ಅದೇ ಹೊತ್ತು. ನಾಲ್ವರು ಸಾಲಾಗಿ ನಿಂತರು. ನಾನು ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟುಕೊಂಡೆ. ಅವಳು ಬೆಂಚಿನಿಂದ ಎದ್ದು ನನ್ನ ಹತ್ತಿರ ಬಂದಳು.

"ಕ್ಯಾಮೆರಾ ನನ್ನ ಕೈಯಾಗ ಕೊಡು. ನೀನೂ ಅಲ್ಲಿ ನಿಂದ್ರು."

ಕೊಟ್ಟೆ. ಯಾವ ಗುಂಡಿ, ಯಾವ ಬೆರಳು ಎಂದು ತೋರಿಸಿಕೊಟ್ಟೆ. ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಕ್ಯಾಮೆರಾದ ಎದುರು ಬದಿಯಲ್ಲಿ ನಿಲ್ಲುವುದು ಹೇಗಿರುತ್ತದೆ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಅದು ಒಂದು ಕಪ್ಪು ಕಣ್ಣು. ಅದರ ಹಿಂದೆ ಅವಳ ಮುಖ ಕಾಣುತ್ತಿರಲಿಲ್ಲ. ಚೂಡಿದಾರದ ಹಳದಿ ಮಾತ್ರ ಕಾಣುತ್ತಿತ್ತು. ಅದನ್ನೇ ಬೇಕೆಂದೇ ಹಾಕಿಕೊಂಡು ಬಂದಿದ್ದಳು.

"ನಗ್ರಿ," ಎಂದಳು.

ಹುಡುಗ ಬಾಯಿ ತೆರೆದ. "ಏ ಕ್ಯಾ" ಎಂಬಷ್ಟು ಬಂತು, ಮುಂದಿನದು ಬರಲಿಲ್ಲ. ಇನ್ನೊಮ್ಮೆ ಶುರುಮಾಡಿ ಪೂರ್ತಿ ಹೇಳಿದ. ನಾವು ನಗಬೇಕಿತ್ತು. ನನ್ನ ಪಕ್ಕದವಳು ಹಲ್ಲು ತೋರಿಸಿದಳು, ಸದ್ದು ಬರಲಿಲ್ಲ. ಇನ್ನೊಬ್ಬ ಹೆಹ್ಹೆ ಎಂದು, ತನ್ನ ದನಿ ತನಗೇ ಕೇಳಿ ನಿಲ್ಲಿಸಿದ. ನಾನು ನಗಲು ನಿಜವಾಗಿ ಪ್ರಯತ್ನ ಮಾಡಿದೆ. ನನ್ನ ಕೆನ್ನೆ ಮೇಲಕ್ಕೆ ಹೋದದ್ದೂ ಕಣ್ಣು ಹಾಗೇ ಉಳಿದದ್ದೂ ನನಗೇ ತಿಳಿಯುತ್ತಿತ್ತು.

"ನಗ್ರಿ," ಎಂದಳು ಮತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಗುಂಪು ಫೋಟೊ ತೆಗೆಯುವವರ ಹಾಗೆ ಹೇಳಿದಳು. ಒಂದು ವರ್ಷ ನಮ್ಮ ಶುಕ್ರವಾರದ ಫೋಟೊಗಳಿಗೆ ಹೇಳಿದ್ದ ಹಾಗೆಯೇ.

ಮೂರು ಸಲ ಪ್ರಯತ್ನಿಸಿದೆವು. ಮೂರನೆಯ ಸಲ ಹುಡುಗ ಹೆಸರನ್ನು ಹೇಳಲೇ ಇಲ್ಲ. ಕಪ್ಪು ಟಿ-ಶರ್ಟಿನ ತುದಿಯನ್ನು ಎಳೆಯುತ್ತಾ ಸುಮ್ಮನೆ ನಿಂತ. ಅವಳು ಕ್ಯಾಮೆರಾವನ್ನು ಸಾಲಿನ ಈ ತುದಿಯಿಂದ ಆ ತುದಿಗೆ, ನಿಧಾನವಾಗಿ, ಪ್ರತಿಯೊಬ್ಬರ ಮೇಲೂ ಒಂದೇ ಸಮನಾಗಿ ನಿಲ್ಲಿಸುತ್ತಾ ತಂದಳು. ಅವಳ ಕೈ ನನ್ನ ಕೈಗಿಂತ ಗಟ್ಟಿ. ಅದು ಆ ಟೇಪಿನಲ್ಲಿದೆ.

ಇದು ಕೆಟ್ಟಿತು, ನಗು ಬರಲೇ ಇಲ್ಲ ಎಂದು ಮಿಕ್ಸಿಂಗ್ ಅಂಗಡಿಯಲ್ಲಿ ನಾನು ಹೇಳಿದೆ. ಅಣ್ಣ ಬಾಯಲ್ಲಿದ್ದ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿ, "ಇದೇ ಕಣಮ್ಮ ಹಾಡು. ಇದ್ರ ಮೇಲೆ ನಾನ್ ಒಂದ್ ಗುಲಾಬಿನೂ ಹಾರಿಸಲ್ಲ," ಎಂದ. ಮೊದಲ ಭಾನುವಾರದ ನಗುವಿನ ಸದ್ದನ್ನು ಹಾಗೇ ಉಳಿಸಿ, ಅದರ ಮೇಲೆ ಎರಡನೆಯ ಭಾನುವಾರದ ನಗು ಬಾರದ ಮುಖಗಳನ್ನು ಕೂರಿಸಿದ. ಮೊದಲು ನಗು ಕೇಳುತ್ತದೆ, ಕಾಣುವುದು ನಗಲಾರದವರು. ಆಮೇಲೆ ಆ ಸದ್ದು ನಿಂತು ರೊಟ್ಟಿಯ ತಾಳ ಶುರುವಾಗುತ್ತದೆ. ಅವಳ "ನಗ್ರಿ" ಎಂಬ ದನಿಯನ್ನೂ ಉಳಿಸಿದ. ಉಳಿದ ಹತ್ತು ಸೆಕೆಂಡನ್ನು ಅವಳ ಎದುರಿಗೇ ಅಳಿಸಿದ. ಈಗ ಅದು ನನ್ನ ತಲೆಯಲ್ಲಿ ಮಾತ್ರ ಇದೆ.

ರಜೆ, ಹಬ್ಬದ ತಯಾರಿ ಎಂದು ಮನೆಯಲ್ಲಿ ಹೇಳಿದ್ದ ಸುಳ್ಳುಗಳಿಗೆ ಕೊನೆಯಾಗಲೆಂದು ಅವಳು ತಾಯಿಗೆ ಎಲ್ಲವನ್ನೂ ಹೇಳಿದಳು. ಮರುದಿನ ರೊಟ್ಟಿಯ ಸದ್ದನ್ನು ಟೇಪಿಗೆ ಹಿಡಿಯಲು ಹೋದಾಗ ತಾಯಿ ನನ್ನನ್ನು ಒಳಗೆ ಕರೆದು, ಬಿಸಿರೊಟ್ಟಿಗೆ ಎಣ್ಣೆ ಖಾರ ಹಚ್ಚಿ ಕೈಗಿತ್ತರು. ಹೆಸರಿನ ವಿಷಯ ಎತ್ತಲಿಲ್ಲ. ನಾನು ತಿಂದು ಮುಗಿಸುವವರೆಗೆ ಎದುರಿಗೇ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಅದು ಸಾಕಾಗಿತ್ತು.

ಸ್ಪರ್ಧೆ ಶನಿವಾರ ಮಧ್ಯಾಹ್ನ. ಸಭಾಂಗಣ ತುಂಬಿತ್ತು. ಬೈಕುಗಳ ಮೇಲೆ ಕುಣಿದವರ ವಿಡಿಯೊಗೆ ಶಿಳ್ಳೆ ಬಿದ್ದ ಮೇಲೆ ನಮ್ಮದು ಬಂತು. ಕ್ಯಾಲೆಂಡರ್ ಎಂಬ ಮಾತು ಕೇಳಿದ ಕೂಡಲೇ ಇಡೀ ಸಭಾಂಗಣ ನಕ್ಕಿತು. ನಾವು ಅದನ್ನು ಊಹಿಸಿರಲಿಲ್ಲ. ಆಮೇಲೆ ಪರದೆಯ ಮೇಲೆ ನಮ್ಮ ಮುಖಗಳು ಒಂದೊಂದಾಗಿ ಬರತೊಡಗಿದವು. ಎರಡನೆಯ ಮುಖಕ್ಕೆ ಸಭಾಂಗಣದ ನಗು ತೆಳುವಾಯಿತು, ಮೂರನೆಯದಕ್ಕೆ ನಿಂತಿತು. ನನ್ನ ಮುಖ ಐದನೆಯದು, ನಾಲ್ಕು ಸೆಕೆಂಡು. ಅಷ್ಟು ಜನರ ಮುಂದೆ ನಾನು ಅಷ್ಟು ಕೆಟ್ಟದಾಗಿ ಎಂದೂ ಕಂಡಿರಲಿಲ್ಲ. ಅದನ್ನು ತೆಗೆಸಿಬಿಡಿ ಎಂದು ಅಣ್ಣನನ್ನು ಕೇಳದೆ ಇದ್ದುದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಹೆಮ್ಮೆಯಿದೆ. ಹಾಡಿನ ಎಂಟೂ ಸಾಲುಗಳನ್ನು ಜನ ಸದ್ದಿಲ್ಲದೆ ಕೇಳಿದರು.

ನಮಗೆ ಬಂದದ್ದು ಎರಡನೆಯ ಬಹುಮಾನ. ಮೊದಲನೆಯದು ಬೈಕಿನವರಿಗೆ. ನಾವೆಲ್ಲ ಬದಲಾಗಿಬಿಟ್ಟೆವು ಎಂದೂ ಹೇಳಲಾರೆ. ಮುಂದಿನ ತಿಂಗಳು ಹುಡುಗ ಇನ್ನೂ ದೊಡ್ಡ ಮೊಬೈಲು ಕೊಂಡ. ಆದರೆ ಗುರುವಾರ ಸಂಜೆಯ ಬಣ್ಣದ ಮೆಸೇಜು ನಿಂತಿತು. ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ. ಯಾರೂ ಕಳಿಸಲಿಲ್ಲ, ಅಷ್ಟೆ.

ಬಹುಮಾನ ಕೊಡುವ ಮೊದಲು ತೀರ್ಪುಗಾರರಲ್ಲೊಬ್ಬರಾದ ಹಿರಿಯ ಮೇಷ್ಟ್ರು ಮೈಕ್ ಹಿಡಿದು, ಆ ನಗು ಬಾರದ ಮುಖಗಳ ಶಾಟ್ ತೆಗೆದ ಕ್ಯಾಮೆರಾಮನ್ ಯಾರಪ್ಪಾ ಎಂದು ಕೇಳಿದರು. ಸ್ಪರ್ಧೆಗೆ ಕೊಟ್ಟಿದ್ದ ಚೀಟಿಯಲ್ಲಿ ಕ್ಯಾಮೆರಾ ಎಂಬ ಕಡೆ ನನ್ನ ಹೆಸರಿತ್ತು. ಹುಡುಗ ನನ್ನ ಕಡೆ ನೋಡಿದ. ನಾನು ಕೂತೇ ಇದ್ದೆ.

ಮೂರನೆಯ ಸಾಲಿನಲ್ಲಿ ಅವಳು ಎದ್ದು ನಿಂತಳು. ಅವಳ ಪಕ್ಕದಲ್ಲಿ, ಊರಿನ ಇಳಕಲ್ ಸೀರೆ ಉಟ್ಟ ತಾಯಿ ಕತ್ತೆತ್ತಿ ಅವಳನ್ನೇ ನೋಡುತ್ತಿದ್ದರು. ಅಂದು ಶನಿವಾರ. ಅವಳು ನೀಲಿ ಚೂಡಿದಾರ ಹಾಕಿದ್ದಳು, ಇಸ್ತ್ರಿ ಗರಿಗರಿಯಾಗಿತ್ತು.

"ನಾ ತಗದೀನ್ರಿ ಸಾರ್," ಎಂದಳು.